ಬೀಗಿತ್ತಿಯ ಊರು

ಗುರುವಾರ, ಮಧ್ಯಾಹ್ನ

ಮುದ್ದು ಗುಂಡಿಗೆ,

ನಿನ್ನನ್ನು ಹೆತ್ತವಳ ಆಶೀರ್ವಾದ. ಹೆತ್ತವಳು ಎಂದು ಬೇಕೆಂದೇ ಬರೆದಿದ್ದೇನೆ. ಈಚೆಗೆ ನಿನಗೆ ಇಬ್ಬರು ಅಮ್ಮಂದಿರಾಗಿದ್ದಾರೆ, ಯಾವ ಅಮ್ಮನ ಪತ್ರ ಎಂದು ಗೊಂದಲವಾಗಬಾರದಲ್ಲ.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಹೋದ ಸಲ ಏನಾಯಿತು ನಿನಗೇ ಗೊತ್ತು. ನನಗೆ ಅಳು ಬಂತು, ನಿನಗೆ ಸಿಟ್ಟು ಬಂತು, ಕೊನೆಗೆ ನಿಮ್ಮಪ್ಪ ಫೋನು ಕಿತ್ತುಕೊಂಡು ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದರು. ಕಾಗದದಲ್ಲಾದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

"ಹೆರಿಗೆ ಇಲ್ಲೇ ಆಗ್ಲಿ ಅಮ್ಮ, ನೀನೇ ಬಂದ್ಬಿಡು" ಎಂದೆಯಲ್ಲ, ಅದಕ್ಕೆ ಉತ್ತರ ಇದು. ನಾನು ಬರುವುದಿಲ್ಲ. ಅಂಗಡಿಯ ಹಿಂದಿನ ಕೋಣೆಯನ್ನು ನಿನಗೂ ಮಗುವಿಗೂ ಎಂದು ಖಾಲಿ ಮಾಡಿಸಿದ್ದೆ. ಹೊಲಿಗೆ ಯಂತ್ರ ಎರಡನ್ನೂ ಮುಂದಕ್ಕೆ ತಳ್ಳಿದ್ದರಿಂದ ಗಿರಾಕಿಗಳು ಅಡ್ಡಡ್ಡ ನಿಂತು ಅಳತೆ ಕೊಡುವ ಹಾಗಾಗಿದೆ. ಕಿಟಕಿಗೆ ಹೊಸ ಪರದೆ ಹಾಕಿದೆ, ಸೊಳ್ಳೆ ಬಾರದಂತೆ ಜಾಲರಿ ಹೊಡೆಸಿದೆ. ಈಗ ಅಲ್ಲಿ ನಿಮ್ಮಪ್ಪ ಕಾಲು ಚಾಚಿಕೊಂಡು ಪೇಪರ್ ಓದುತ್ತಿರುತ್ತಾರೆ.

ಮದುವೆಯಾದ ಹೊಸತರಲ್ಲಿ ನೀನು ಹೀಗಿರಲಿಲ್ಲ. "ಬಣ್ಣದ ವಾಸನೆಗೆ ತಲೆ ಸಿಡಿಯುತ್ತೆ, ಹೊಳೆ ಸದ್ದಿಗೆ ನಿದ್ದೆನೇ ಬರಲ್ಲ" ಎಂದು ಗೋಳಾಡುತ್ತಿದ್ದೆ. ನಾನು ಅಯ್ಯೋ ಪಾಪ ಅನ್ನುತ್ತಿದ್ದೆ. ಒಳಗೊಳಗೇ ಹಿತವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಬಾಯಿ ಬಿಟ್ಟರೆ ನಮ್ಮೂರು, ನಮ್ಮ ಹೊಳೆ, ನಮ್ಮ ಬೀದಿ. ಹಿಂದೆ ಊರು ಎದುರು ದಡದಲ್ಲಿತ್ತಂತೆ. ಪ್ರವಾಹಕ್ಕೆ ಗೋಡೆಗಳು ಕುಸಿದ ಮೇಲೆ ಜನ ತಂತಮ್ಮ ಮನೆಯ ಬಾಗಿಲು ಕಳಚಿ, ದೋಣಿಗೆ ಹೇರಿ, ಹೊಳೆ ದಾಟಿಸಿದರಂತೆ. ಮೊದಲು ಬಾಗಿಲು ನಿಲ್ಲಿಸಿ ಆಮೇಲೆ ಸುತ್ತ ಗೋಡೆ ಕಟ್ಟಿದರಂತೆ. ಅದಕ್ಕೇ ಆ ಬೀದಿಯಲ್ಲಿ ಮನೆಗಿಂತ ಬಾಗಿಲಿಗೆ ವಯಸ್ಸು ಹೆಚ್ಚಂತೆ. ಆಮೇಲೆ ಸರಕಿನ ದೋಣಿಗಳು ಬಂದವಂತೆ, ಹೊಳೆಯ ಮೇಲ್ಭಾಗದಲ್ಲೆಲ್ಲೋ ಸೇತುವೆಯಾದ ಮೇಲೆ ಅವು ನಿಂತವಂತೆ, ದೊಡ್ಡ ಗೋದಾಮು ಈಗ ಸೈಕಲ್ ಸ್ಟ್ಯಾಂಡಂತೆ. ಪ್ರತಿ ಕತೆಯ ಕೊನೆಗೂ ಒಂದು ಬಾಲ: "ಅತ್ತೆ ಹೇಳಿದ್ರು."

ಹೇಳುತ್ತಾರೆ, ಹೇಳದೆ ಏನು. ಬಟ್ಟೆಗೆ ಅಚ್ಚು ಒತ್ತುವ ಕೆಲಸ ಅವರದು. ಕೈಗೆ ಕೆಲಸವಿದ್ದರೂ ಬಾಯಿ ಬಿಡುವಾಗಿರುತ್ತದೆ. ನನ್ನ ಬಾಯಲ್ಲಿ ದಿನವಿಡೀ ಗುಂಡುಸೂಜಿ.

ಸೂಜಿ ಇಲ್ಲದಿದ್ದರೂ ನಾನೇನು ಹೇಳುತ್ತಿದ್ದೆ? ನಮ್ಮ ಬಡಾವಣೆಗಿಂತ ನೀನೇ ದೊಡ್ಡವಳು. ನಾವು ಬಂದಾಗ ರಸ್ತೆಗೆ ಟಾರೂ ಇರಲಿಲ್ಲ, ಹೆಸರೂ ಇರಲಿಲ್ಲ. ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಗಿಲು ಹೊತ್ತವರಲ್ಲ ನಾವು. ಹೊಲಿಗೆ ಯಂತ್ರ, ಗ್ಯಾಸ್ ಒಲೆ, ಸೊಂಟದ ಮೇಲೆ ನೀನು, ಅಷ್ಟೇ. ನಾಳೆ ಮಗು ಕತೆ ಕೇಳಿದರೆ ಆ ಅಜ್ಜಿ ಪ್ರವಾಹ, ದೋಣಿ, ಸರಕು ಎಂದು ಶುರುಮಾಡುತ್ತಾರೆ. ಈ ಅಜ್ಜಿ ಏನು ಹೇಳಬೇಕು? ಮನೆ ಮಾಲೀಕ ನಲ್ಲಿ ಬಂದ್ ಮಾಡಿದ ಕತೆಯನ್ನೇ? ನಿನಗೆ ಕೊಡಲು ನನ್ನ ಹತ್ತಿರ ಒಂದು ಊರು ಇರಲಿಲ್ಲ ಗುಂಡಿ. ಅವರ ಹತ್ತಿರ ಇತ್ತು, ನೀನು ಕೈ ಚಾಚಿದೆ. ಈ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಇನ್ನು ಆ ಬಟ್ಟೆಯ ವಿಷಯ. ಮಗುವಿಗೆ ಅಂಗಿ ಹೊಲಿಯಲೆಂದು ಅವರು ಕೆಂಪು ಅಚ್ಚಿನ ಬಟ್ಟೆ ಕಳಿಸಿದರು. ಯಾವ ದರ್ಜಿಯಾದರೂ ಮಾಡುವುದನ್ನೇ ನಾನೂ ಮಾಡಿದೆ. ಕತ್ತರಿ ಹಾಕುವ ಮೊದಲು ಹೊಸ ಬಟ್ಟೆ ನೆನೆಸಲೇಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. "ಅತ್ತೆ ಹಾಕಿದ ಕೆಂಪು ಜನ್ಮದಲ್ಲಿ ಹೋಗಲ್ಲ" ಎಂದು ನೀನೇ ಹೊಗಳಿದ್ದೆಯಲ್ಲ, ಅದನ್ನು ನಂಬಿ, ನಾನು ಆರಿಸಿ ತಂದಿದ್ದ ಬಿಳಿ ಬಟ್ಟೆಯನ್ನೂ ಅದೇ ಬಿಸಿನೀರಿನ ಬಕೆಟ್ಟಿಗೆ ಹಾಕಿದೆ. ತೆಗೆದು ನೋಡಿದರೆ ನನ್ನ ಬಿಳಿಯೆಲ್ಲ ವಸಡಿನ ಬಣ್ಣ. ಆ ಊರಲ್ಲಿ ಮಗುವಿನ ಬಟ್ಟೆಗೆ ಕೊನೆಯ ಒಗೆತ ಬಾಕಿ ಉಳಿಸಿಯೇ ಕೊಡುತ್ತಾರೆ, ಅದನ್ನು ಮನೆಯವರೇ ಹರಿಯುವ ನೀರಿನಲ್ಲಿ ಒಗೆದು ಮುಗಿಸಬೇಕು ಎಂದು ನನಗೆ ಯಾರು ಹೇಳಿದ್ದರು? ಹೇಳಿದ್ದರೂ ನಮ್ಮ ಬಚ್ಚಲಲ್ಲಿ ಹೊಳೆ ಹರಿಯುತ್ತದೆಯೇ?

ಹೌದು, ಅವರಿಗೆ ಫೋನು ಮಾಡಿ "ನಿಮ್ಮ ಬಣ್ಣ ಮೋಸದ್ದು" ಎಂದೆ. ಅವರು ತಿರುಗಿ ಜಗಳವಾಡಿದ್ದರೆ ಎಷ್ಟೋ ಸಮಾಧಾನವಿತ್ತು. "ತಪ್ಪು ನಂದೇ ಬೀಗಿತ್ತಿ, ಹೇಳಿ ಕಳಿಸ್ಬೇಕಿತ್ತು" ಎಂದು ತಣ್ಣಗೆ ಹೇಳಿದರು. ಅಷ್ಟು ಒಳ್ಳೆಯತನ ಯಾಕೆ ಬೇಕು ಒಬ್ಬರಿಗೆ? ನನ್ನ ಮೈಯೆಲ್ಲ ಉರಿದುಹೋಯಿತು. ಆಮೇಲೆ ನೀನು ಫೋನು ತೆಗೆದುಕೊಂಡು, "ಅಮ್ಮ, ನಮ್ಮ ಕಡೆ ರೀತಿ ನಿಂಗೆ ಅರ್ಥ ಆಗಲ್ಲ ಬಿಡು" ಎಂದೆ. ನಮ್ಮ ಕಡೆ! ನಾನು ಯಾವ ಕಡೆ ಹಾಗಾದರೆ? ಹೆರಿಗೆ ಅಲ್ಲೇ ಎಂದು ನೀನು ಹೇಳಿದ್ದು ಅದರ ಮರುದಿನ.

ಇನ್ನೊಂದು ಮಾತು. ಗುಂಡಿ ಎನ್ನುವ ಹೆಸರು ನನ್ನದು. ನನ್ನ ಡಬ್ಬಿಯಿಂದ ಅಂಗಿಯ ಗುಂಡಿ ನುಂಗಿದವಳು ನೀನು, ಅದು ಹೊರಗೆ ಬರುವ ತನಕ ಊಟ ಬಿಟ್ಟು ಕಾದವಳು ನಾನು. ಆ ಹೆಸರನ್ನು ನಿನ್ನ ಅತ್ತೆ ಬಾಯಿಗೆ ಹಾಕಿಕೊಂಡಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅದೂ "ಗುಂಡೀ" ಎಂದು ಅಷ್ಟು ಜೋರಾಗಿ, ಹೊಳೆಯ ಆಚೆಗೂ ಕೇಳಿಸುವ ಹಾಗೆ. ಸೊಸೆಗೆ ಬೇರೆ ಹೆಸರೇ ಸಿಗಲಿಲ್ಲವೇ?

ಹಾಗೆಂದು ದ್ವೇಷವೇನೂ ಇಲ್ಲ. ಇರುವುದು ಹೊಟ್ಟೆಕಿಚ್ಚು, ಅದು ಬೇಕಾದಷ್ಟಿದೆ. ಅವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಗೊತ್ತಿದೆ. ನಿನಗೆ ನೋವು ಶುರುವಾದಾಗ ಅಮ್ಮಾ ಎಂದು ಕೂಗುತ್ತೀಯಲ್ಲ, ಆಗ ಹತ್ತಿರವಿರುವ ಅಮ್ಮ ಓಡಿ ಬರುತ್ತಾರೆ.

ನನ್ನ ದಾರಿ ಕಾಯಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ಹೊಳೆಯ ಮೆಟ್ಟಿಲ ಮೇಲೆ ಆ ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಇಳಿಯಬೇಡ, ಕೆಳಗಿನ ಮೆಟ್ಟಿಲುಗಳಿಗೆ ಪಾಚಿ ಕಟ್ಟಿದೆ.

ಇಂತಿ,
ನಿನ್ನ ಅಮ್ಮ
(ಮೊದಲನೆಯವಳು)

ತಾ.ಕ.: ಲಕೋಟೆಗೆ ಅಂಚೆಚೀಟಿ ಯಾಕಿಲ್ಲ ಎಂದು ತಿರುಗಿಸಿ ನೋಡಬೇಡ. ದೋಣಿಯವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಮೊನ್ನೆಯಿಂದ ಹೊಳೆಯ ಈಚೆ ದಡದಲ್ಲಿ, ದೋಣಿ ನಿಲ್ಲುವಲ್ಲಿನ ಲಾಡ್ಜಿನಲ್ಲಿದ್ದೇನೆ. ಎರಡು ಸಲ ದೋಣಿ ಹತ್ತಿ ಇಳಿದೆ. "ಏನಮ್ಮಾ, ಬರ್ತೀರೋ ಇಲ್ವೋ" ಎಂದು ಅವನೂ ರೇಗಿದ. ಬೆಳಿಗ್ಗೆ ನೀನೂ ನಿನ್ನ ಅತ್ತೆಯೂ ಆಚೆ ದಡದ ಮೆಟ್ಟಿಲ ಮೇಲೆ ಕೂತಿದ್ದು ಕಾಣಿಸಿತು. ಅವರು ನಿನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದರು, ನೀನು ತಲೆ ಹಿಂದಕ್ಕೆ ಒರಗಿಸಿದ್ದೆ. ನೋಡಿ ಕೋಣೆಗೆ ವಾಪಸ್ ಬಂದು ಈ ಪತ್ರ ಬರೆಯಲು ಕೂತೆ. ದಿನ ತುಂಬಿದ ಹೊಟ್ಟೆ ಹೊತ್ತುಕೊಂಡು ನೀನು ದೋಣಿ ಹತ್ತಬೇಡ. ಅಳಿಯಂದಿರನ್ನೂ ಕಳಿಸಬೇಡ, ಅವರೆದುರು ಅಳುವುದು ನನಗೆ ಸರಿಹೋಗುವುದಿಲ್ಲ. ನಿನ್ನ ಅತ್ತೆಯನ್ನು ಕಳಿಸು. ಅವರೊಬ್ಬರೇ ಬಂದು, ಬನ್ನಿ ಎಂದು ಒಂದು ಸಲ ಕರೆದರೆ ಸಾಕು. ಬ್ಯಾಗು ಕಟ್ಟಿಯೇ ಇಟ್ಟಿದ್ದೇನೆ.