ಎಲ್ಕೆಯನ್ನು ಕೇಳದೆ ಅಳಿಸಬೇಡಿ

ಎಲ್ಕೆ,

ಇವತ್ತು ನಮ್ಮ ಮನ್‌ಹೈಮ್ ಕಚೇರಿಯಲ್ಲಿ ಹಳೆಯ ಪ್ರೋಗ್ರಾಂಗಳನ್ನೆಲ್ಲ ಅಳಿಸಿದೆವು. ನಮ್ಮ ಆಬಾಪ್ ಪ್ರೋಗ್ರಾಮಿಂಗ್ ಭಾಷೆ ಬರೀ ವರದಿ ಮುದ್ರಿಸುತ್ತಿದ್ದ ಕಾಲದಲ್ಲಿ ನೀನು ಬರೆದದ್ದೊಂದು ಕೊನೆಗೆ ಉಳಿದಿತ್ತು. ಅದರ ಮೊದಲ ಸಾಲಿನಲ್ಲಿ, ಯಂತ್ರ ಆ ಸಾಲನ್ನು ಓದದೆ ಬಿಡಲೆಂದು ಹಾಕುವ ನಕ್ಷತ್ರ ಚಿಹ್ನೆಯ ಪಕ್ಕ, ನಿನ್ನದೇ ಟಿಪ್ಪಣಿ: 'ಎಲ್ಕೆಯನ್ನು ಕೇಳದೆ ಅಳಿಸಬೇಡಿ.'

ಹೊಸದಾಗಿ ಸೇರಿದ ಸ್ವೆನ್ಯಾ ನಕ್ಕಳು. "ಯಾರಿದು ಎಲ್ಕೆ? ಫೋನ್ ಮಾಡಿ ಕೇಳೋಣ್ವಾ?"

"ಅವಳು ತೀರ್ಕೊಂಡು ಎರಡು ವರ್ಷ ಆಯ್ತು. ಅಳಿಸಿಬಿಡು," ಎಂದೆ.

ಅಳಿಸಿದಳು. ಆಮೇಲೆ ಇಬ್ಬರೂ ಊಟಕ್ಕೆ ಹೋದೆವು. ಆಲೂಗಡ್ಡೆ ಸೂಪ್ ಇತ್ತು, ನಿನಗಿಷ್ಟವಾದದ್ದು.

ಆಬಾಪ್ ಹೊಸ ರೂಪ ತಾಳಿದ ವರ್ಷ, "ಇದು ಎಲ್ಕೆ ಕೈಲಾಗಲ್ಲ" ಅಂತ ಮೇಲಿನವರಿಗೆ ನಾನು ಹೇಳಿ, ಅವರು ನಿನ್ನನ್ನು ತಂಡದಿಂದ ತೆಗೆದಾಗಲೂ ನಿನ್ನನ್ನು ಯಾರೂ ಕೇಳಿರಲಿಲ್ಲ.

ಡೀಟ್‌ಮಾರ್