ಆಡು ಸಾಕಿದಾನಾ ಕೇಳಮ್ಮ

ಮಾವ,

ನಿದ್ದೆಯಲ್ಲಿದ್ದಿರಿ, ಎಬ್ಬಿಸಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಇದೆ. ಬಿಪಿ ಮಾತ್ರೆ ತಗೊಳ್ಳಿ, ಮರೆತೆ ಅನ್ನೋ ನೆಪ ಇವತ್ತು ನಡೆಯಲ್ಲ. ಪುಟ್ಟಿಯನ್ನ ಮೂರೂವರೆಗೆ ಶಾಲೆಯಿಂದ ಕರ್ಕೊಂಡು ಬನ್ನಿ.

ನಮ್ಮ ವಾರ್ಡಿನಲ್ಲಿರೋ, ಮೂರು ವಾರದಿಂದ ಜ್ವರ ಬಿಡದ ಲಾರಿ ಡ್ರೈವರ್ ವಿಷಯ ಹೇಳಿದ್ನಲ್ಲ? ಎಲ್ಲ ಪರೀಕ್ಷೆ ಮಾಡಿ ನಾವು ಕೈಚೆಲ್ಲಿ ಕೂತಿದ್ವಿ. ನೀವು ಊಟದ ಮಧ್ಯೆ, "ಮನೇಲಿ ಆಡು ಸಾಕಿದಾನಾ ಕೇಳಮ್ಮ. ನಾನು ಕೆಲಸಕ್ಕಿದ್ದ ದನದ ಆಸ್ಪತ್ರೇಲಿ ನಮ್ಮ ಕಾಂಪೌಂಡರಿಗೂ ಹೀಗೇ ಆಗಿತ್ತು" ಅಂದ್ರಿ. ನಾನು ಒಳಗೊಳಗೇ ನಕ್ಕೆ, ತಪ್ಪಾಯ್ತು. ಆದ್ರೂ ಕೇಳಿದೆ. ತಂಗಿ ಮನೇಲಿ ದಿನಾ ಆಡಿನ ಹಸಿ ಹಾಲು ಕುಡೀತಿದ್ದನಂತೆ! ರಕ್ತ ಪರೀಕ್ಷೆ ಮಾಡಿಸಿದ್ರೆ ಅದೇ, ದನ, ಆಡುಗಳಿಂದ ಮನುಷ್ಯರಿಗೆ ಹತ್ತೋ ಬ್ರುಸೆಲ್ಲಾ ಸೋಂಕು. ಔಷಧಿ ಶುರುಮಾಡಿ ಐದು ದಿನ ಆಯ್ತು. ನಿನ್ನೆ ಜ್ವರ ಇಳಿದು, ಎದ್ದು ಕೂತು, ಹಸಿವು ಅಂದ. ಅವನ ಹೆಂಡತಿ ನನ್ನ ಕೈ ಹಿಡ್ಕೊಂಡು ಅತ್ತಳು. ಅದು ನಿಮಗೆ ಸಲ್ಲಬೇಕಾದ್ದು.

ದೊಡ್ಡ ಡಾಕ್ಟರು ಎಲ್ಲರೆದುರು, "ಇದು ನಿನಗೆ ಹೇಗಮ್ಮ ಹೊಳೀತು?" ಅಂತ ಕೇಳಿದ್ರು.

"ನನಗಲ್ಲ ಸಾರ್, ನಮ್ಮ ಮಾವನಿಗೆ" ಅಂದೆ.

ಸೋಂಕುರೋಗದ ಫೆಲೋಶಿಪ್ ತರಬೇತಿಗೆ ಸೇರಿದ ಮೇಲೆ ನನಗೆ ಸಿಕ್ಕ ಮೊದಲ ಶಹಭಾಸ್ ಅದು. ಗುರುವಾರ ನಮ್ಮ ತರಗತಿಗೆ ನೀವೇ ಬಂದು ಪಾಠ ಹೇಳಬೇಕಂತೆ. ಬಿಳಿ ಶರಟು ಇಸ್ತ್ರಿ ಮಾಡಿಟ್ಟಿದ್ದೀನಿ. ಒಲ್ಲೆ ಅನ್ನಬೇಡಿ, ನಿಮ್ಮ ಪರವಾಗಿ ಹೂಂ ಅಂದಾಗಿದೆ.

ನಿಮ್ಮ ಸೊಸೆ