ಕಿಟಕಿಯೊಳಗಿನ ಕಡಲು

ಸ್ಟುಡಿಯೋದ ಹಿಂದಿನ ಕೋಣೆಯಿಂದ,
ಸೋಮವಾರ, ಜೂನ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವಾರ್ಡಿನಲ್ಲಿ ಓಡಾಡಿ ಊದಿಕೊಂಡಿದ್ದ ಪಾದ ಇಳಿಯಿತೇ? ರೋಗಿಗಳಿಗೆಲ್ಲ ಕಾಲು ಎತ್ತಿಟ್ಟು ಮಲಗಿ ಎಂದು ಗದರುವ ನರ್ಸಮ್ಮ ತಾನು ಮಾತ್ರ ನಿಂತೇ ಊಟ ಮಾಡುತ್ತಾಳೆಂದು ಅಮ್ಮ ಗೊಣಗುತ್ತಿರುತ್ತಾಳೆ. ಇಲ್ಲಿ ಎಲ್ಲರೂ ಕ್ಷೇಮ. ಆಪರೇಷನ್ ಆದ ಅಪ್ಪನ ಕಣ್ಣು ಎಷ್ಟು ಚುರುಕಾಗಿದೆಯೆಂದರೆ, ಎದುರುಮನೆ ಗೋಡೆಯ ಬಿರುಕನ್ನು ಜಗಲಿಯಲ್ಲಿ ಕೂತೇ ಓದುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಗುತ್ತೀಯ, ನೀನು ನಕ್ಕರೆ ನಾನು ಇನ್ನೊಂದು ಸುಳ್ಳು ಹೇಳುತ್ತೇನೆ. ಕಾಗದ ನಗುವುದಿಲ್ಲ, ಅದಕ್ಕೇ ಕಾಗದ.

ರಜೆಗೆಂದು ನಾನು ಆನ್‌ಲೈನಿನಲ್ಲಿ ಬುಕ್ ಮಾಡಿದ ಕಡಲ ದಂಡೆಯ ಮನೆ ಇಲ್ಲವೇ ಇಲ್ಲ, ಅಕ್ಕಾ. "ಹೇಗಿದ್ಯೋ ಮನೆ?" ಎಂಬ ನಿನ್ನ ಮೆಸೇಜಿಗೆ ಹೆಬ್ಬೆರಳು ಎತ್ತಿ ಕಳಿಸಿದೆನಲ್ಲ, ಆಗ ನಾವು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆವು. ಮುಂಗಡ ಕೊಟ್ಟು ಮಂಗನಾದೆ. ಹೊಸ ಕಣ್ಣಿಗೆ ಕಡಲು ತೋರಿಸುತ್ತೇನೆಂದು ಅಪ್ಪನನ್ನು ಹೊರಡಿಸಿದವನು ಕಡಲೆ ತಿನ್ನಿಸಿ ವಾಪಸ್ ಕರೆತಂದೆ.

ನೀನು ಹೇಳಿದ್ದೆ. "ದುಡ್ಡು ಆ್ಯಪ್ ಒಳಗೇ ಕಟ್ಟೋ, ಹೊರಗೆ ಕಳಿಸಬೇಡ. ವಿಡಿಯೊ ಕಾಲ್‌ನಲ್ಲಿ ಮನೆ ತೋರಿಸಿ ಅನ್ನು. ಆ ಫೋಟೋ ಬೇರೆಲ್ಲಾದ್ರೂ ಇದೆಯಾ ಹುಡುಕು." ಎಲ್ಲಕ್ಕೂ ನನ್ನದು ಒಂದೇ ಉತ್ತರ: "ಫೋಟೋ ನೋಡೋದನ್ನ ಫೋಟೋಗ್ರಾಫರ್‌ಗೇ ಹೇಳಿಕೊಡ್ತೀಯಾ?" ಕಿಟಕಿಯ ಬೆಳಕಿನ ಬಗ್ಗೆ ನಾನೊಂದು ಪ್ರಶ್ನೆ ಕೇಳಿದ್ದೇ ತಡ, ಮಾಲೀಕ ಎನಿಸಿಕೊಂಡವನು, "ಕಲಾವಿದರು ಅಂತ ಗೊತ್ತಾಗುತ್ತೆ ಸರ್" ಎಂದುಬಿಟ್ಟ. ಅಲ್ಲಿಗೆ ನಾನು ಮುಗಿದೆ. ಅಲ್ಲಿ ನೆಟ್‌ವರ್ಕ್ ಇಲ್ಲ, ವಿಡಿಯೊ ಆಗಲ್ಲ ಎಂದ, ಹೂಂ ಎಂದೆ. ಇನ್ನೊಂದು ಫ್ಯಾಮಿಲಿ ಕಾಯ್ತಿದೆ, ನನ್ನ ಖಾತೆಗೇ ಹಾಕಿದ್ರೆ ಸ್ವಲ್ಪ ಕಮ್ಮಿ ಎಂದ, ಹಾಕಿದೆ. ಹೊಗಳಿಕೆ ಹೊಕ್ಕ ಕಿವಿಯಲ್ಲಿ ಅಕ್ಕನ ಮಾತಿಗೆ ಜಾಗವೆಲ್ಲಿ? ಅಲ್ಲದೆ ಆ ಫೋಟೋ! ಬಿಳಿ ಪರದೆ, ಕಿಟಕಿ ತುಂಬ ನೀಲಿ ಕಡಲು, ಒಂದು ಪಕ್ಕಕ್ಕೆ ವಾಲಿದ ದೋಣಿ. ನೋಡಿದ ಕೂಡಲೇ ಹಳೇ ಪರಿಚಯದವರು ಸಿಕ್ಕ ಹಾಗಾಯಿತು. ಅದನ್ನೇ ನಂಬಿಕೆ ಎಂದುಕೊಂಡೆ.

ಆ ವಿಳಾಸದಲ್ಲಿದ್ದದ್ದು ಟೈರ್ ಗೋದಾಮು. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಬಗ್ಗಿ ನೋಡಿ, "ಸಮುದ್ರನಾ? ಮೇಲೆ ನೀರಿನ ಟ್ಯಾಂಕ್ ಇದೆ, ಬೇಕಾದ್ರೆ ನೋಡ್ಕೊಂಡು ಹೋಗಿ. ಫೋನ್ ಹಿಡ್ಕೊಂಡು ಬಂದೋರು ನೀವೇ ಮೊದಲಲ್ಲ" ಎಂದಳು. ಅವಳಿಗೆ ತೋರಿಸಲೆಂದು ಫೋನಿನಲ್ಲಿ ಆ ಫೋಟೋ ತೆರೆದು ದೊಡ್ಡದು ಮಾಡಿದೆ. ಆಗ ದೋಣಿಯ ಗುರುತು ಹತ್ತಿತು. ಸಮುದ್ರ ಕಾಣದ ಜೋಡಿಗಳ ಬೆನ್ನಿಗೆ ನಾನೇ ಕಂಪ್ಯೂಟರಿನಲ್ಲಿ ಅಂಟಿಸಿ ಕೊಡುತ್ತೇನಲ್ಲ, ಆ ಸಮುದ್ರ ಅದು! ನಿನ್ನ ಮದುವೆ ಆಲ್ಬಮ್ ತೆಗೆದು ನೋಡು, ಭಾವನ ಕಿವಿಗೆ ತಾಗಿಕೊಂಡು ಅದೇ ದೋಣಿ ನಿಂತಿದೆ. ನಾನು ಊರಿಗೆಲ್ಲ ಮಾರಿದ ಕಡಲನ್ನು ಯಾವನೋ ನನಗೇ ಮಾರಿದ.

ಇಷ್ಟೇ ಆಗಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಅಮ್ಮ ಸೂಟ್‌ಕೇಸಿನ ಮೇಲೆ ಕುಸಿದು ಕೂತಳು. ಬಾಡಿಗೆ ಮನೆ ಬದಲು ಎಲ್ಲರದೂ ಬಾಡಿದ ಮುಖ. ಅಪ್ಪ ನನ್ನತ್ತ ತಿರುಗಿ, "ಯಾರೋ ಬುಕ್ ಮಾಡಿದ್ದು?" ಎಂದರು. ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, "ಅಕ್ಕ" ಎಂದಿತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪಾಪ, ಡ್ಯೂಟಿ ಗಡಿಬಿಡೀಲಿ ಮೋಸ ಹೋಗಿದ್ದಾಳೆ. ಅವಳ ಹತ್ರ ಯಾರೂ ಈ ಮಾತು ಎತ್ತಬೇಡಿ" ಎಂದರು. ನಿನಗೆ ಗೊತ್ತೇ ಇಲ್ಲದೆ ನಿನ್ನನ್ನು ಕ್ಷಮಿಸಿಯಾಗಿದೆ, ಅಕ್ಕಾ. ನಿನ್ನೆ ಊಟಕ್ಕೆ ಕೂತಾಗ, "ಇನ್ನೊಂದು ಕಣ್ಣಿನ ಆಪರೇಷನ್ ಅವಳ ತಲೆಗೆ ಕಟ್ಟೋದು ಬೇಡ ಕಣೋ. ಡಾಕ್ಟ್ರು, ಆಸ್ಪತ್ರೆ, ಎಲ್ಲ ನೀನೇ ವಿಚಾರಿಸು. ನೀನು ನೋಡಿ ಮಾಡೋನು" ಎಂದರು. ನೋಡಿ ಮಾಡುವವನು ನಾನು! ಮೊದಲ ಕಣ್ಣಿಗೆ ಸರಿಯಾದ ಡಾಕ್ಟರನ್ನು ಹುಡುಕಿ ಬೆಳಕು ಕೊಡಿಸಿದವಳು ನೀನು. ಎರಡನೆಯದನ್ನು ಟೈರ್ ಗೋದಾಮಿಗೆ ಕರೆದೊಯ್ದವನ ಕೈಗೆ ಒಪ್ಪಿಸುತ್ತಿದ್ದಾರೆ, ನಾನು ಮಜ್ಜಿಗೆ ಬಡಿಸಿಕೊಂಡೆ.

ಭಾವನಿಗೆ ನಮಸ್ಕಾರ, ಚಿಕ್ಕವಳಿಗೆ ಮುತ್ತು. ನನ್ನ ಪಾಲಿನ ಬೈಗುಳ ಬಡ್ಡಿ ಸಮೇತ ಎತ್ತಿಟ್ಟಿರು.

ನಾಚಿಕೆಯಿಂದ,
ನಿನ್ನ ಗುಂಡ

ಮರೆತಿದ್ದೆ: ಅಪ್ಪ ಅಂಚೆ ಕಚೇರಿಯ ಕಡೆ ಹೊರಟಿದ್ದಾರೆ, ಈ ಕಾಗದ ಅವರ ಕೈಗೇ ಕೊಡುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. ಬೇಕೆಂದೇ. ಎದುರು ನಿಂತು ಹೇಳಲು ನಾಲಿಗೆ ಏಳುತ್ತಿಲ್ಲ, ಅವರೇ ಓದಿಕೊಳ್ಳಲಿ.

ಮಗಳೇ, ಅಂಚೆ ಕಚೇರಿಯಲ್ಲಿ ಕೂತು ಪೂರ್ತಿ ಓದಿದೆ, ಕನ್ನಡಕ ಇಲ್ಲದೆ. ಇನ್ನೊಂದು ಕಣ್ಣಿನ ಏರ್ಪಾಡು ನೀನೇ ಮಾಡು. ಲಕೋಟೆ ಅಂಟಿಸುತ್ತಿದ್ದೇನೆ. ನಾನು ಓದಿದೆ ಅಂತ ಗುಂಡನಿಗೆ ಹೇಳಬೇಡ. ಬಾಯಿಬಿಟ್ಟು ಅವನೇ ಹೇಳಲಿ, ಕಾಯ್ತೀನಿ.
ಅಪ್ಪ